ದೇವರು ಕೊಟ್ಟರೂ ಆ್ಯಪ್ ಕೊಡದು

ಮೊಬೈಲಿನಲ್ಲಿ ಐಟಿ ರಿಟರ್ನ್ ಸಲ್ಲಿಸುವುದು ಕರೆಂಟ್ ಬಿಲ್ ಕಟ್ಟಿದಷ್ಟೇ ಸಲೀಸು ಎಂದು ಜಾಹೀರಾತುಗಳು ಹೇಳುತ್ತವೆ. ಪ್ಯಾನ್ ನಂಬರ್ ಕೊಡಿ, ಒಟಿಪಿ ಹಾಕಿ, ಮುಗಿಯಿತು. ಬಹುಪಾಲು ಸಂಬಳದಾರರ ಮಟ್ಟಿಗೆ ಇದು ಸುಳ್ಳೂ ಅಲ್ಲ. ಜುಲೈ ಬಂತೆಂದರೆ ಎಲ್‌ಐಸಿ ರಸೀದಿ, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಆಡಿಟರ್ ಆಫೀಸಿನ ಬೆಂಚಿನ ಮೇಲೆ ಕಾಯುತ್ತಿದ್ದ ಕಾಲ, ಸಹಿ ಮಾಡಿದ ಐಟಿಆರ್-ವಿ ಹಾಳೆಯನ್ನು ಬೆಂಗಳೂರು 560500ಕ್ಕೆ ಅಂಚೆಯಲ್ಲಿ ಹಾಕಿ ತಲುಪಿತೋ ಇಲ್ಲವೋ ಎಂದು ತಳಮಳಿಸುತ್ತಿದ್ದ ಕಾಲ ಮತ್ತೆ ಬರಲಿ ಎಂದು ಯಾರೂ ಹೇಳುವುದಿಲ್ಲ. ನಾನಂತೂ ಹೇಳುವುದಿಲ್ಲ.

ನನ್ನ ತಕರಾರು ಬೇರೆ. ಪರದೆಯ ಮೇಲೆ ಬೂದು ಬಣ್ಣಕ್ಕೆ ತಿರುಗಿ, ಎಷ್ಟು ಒತ್ತಿದರೂ ಅಕ್ಷರ ಮೂಡದೆ ಕೂರುತ್ತದಲ್ಲ ಒಂದು ಚೌಕ, ಅದರ ಬಗ್ಗೆ.

2024ರ ಜುಲೈ 5ರಂದು ಆದಾಯ ತೆರಿಗೆ ಇಲಾಖೆಯ ಯುಟಿಲಿಟಿಯಲ್ಲಿ, ಅಂದರೆ ರಿಟರ್ನ್ ತುಂಬುವ ತಂತ್ರಾಂಶದಲ್ಲಿ, ಒಂದು ಬದಲಾವಣೆ ಆಯಿತು. ಹೊಸ ತೆರಿಗೆ ಪದ್ಧತಿಯಲ್ಲಿ ಒಟ್ಟು ಆದಾಯ 7 ಲಕ್ಷ ರೂಪಾಯಿ ದಾಟದವರಿಗೆ ಕಲಂ 87ಎ ಅಡಿ 25,000 ರೂಪಾಯಿವರೆಗೆ ರಿಬೇಟ್ ಇತ್ತು. ಷೇರು ಮಾರಿ ಬಂದ ಅಲ್ಪಾವಧಿ ಲಾಭದಂಥ, ವಿಶೇಷ ದರದಲ್ಲಿ ತೆರಿಗೆ ಬೀಳುವ ಆದಾಯಕ್ಕೆ ಆ ದಿನದಿಂದ ಯುಟಿಲಿಟಿ ಈ ರಿಬೇಟನ್ನು ಕೊಡಲಿಲ್ಲ. ಕೇಳಲೂ ಬಿಡಲಿಲ್ಲ. ನೀವು ಯಾವ ಖಾಸಗಿ ಆ್ಯಪ್ ಬಳಸಿದರೂ ಕೊನೆಗೆ ಕಡತ ಹೋಗಬೇಕಾದದ್ದು ಇಲಾಖೆ ಹಾಕಿಕೊಟ್ಟ ಅಚ್ಚಿನಲ್ಲೇ. ಹಾಗಾಗಿ ಅಲ್ಲಿ ಬಿದ್ದ ಬೀಗ ಎಲ್ಲರ ಫೋನಿಗೂ ಬಿತ್ತು.

ಲೆಕ್ಕ ಹಾಕಿಯೇ ನೋಡೋಣ. ಒಬ್ಬ ನಿವೃತ್ತ ಮೇಷ್ಟ್ರು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಐದೂವರೆ ಲಕ್ಷ ಪಿಂಚಣಿ. 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 5 ಲಕ್ಷ. ಅದರ ಮೇಲೆ ತೆರಿಗೆ 10,000. ಮಗನ ಮಾತು ಕೇಳಿ ಕೊಂಡಿದ್ದ ಷೇರನ್ನು ವರ್ಷದೊಳಗೇ ಮಾರಿದ್ದರಿಂದ 1 ಲಕ್ಷ ಲಾಭ. ಶೇ 15ರಂತೆ ತೆರಿಗೆ 15,000. ಒಟ್ಟು ಆದಾಯ 6 ಲಕ್ಷ, ಒಟ್ಟು ತೆರಿಗೆ 25,000, ರಿಬೇಟೂ 25,000. ಜುಲೈ 4ರ ರಾತ್ರಿ ಸಲ್ಲಿಸಿದ್ದರೆ ಪರದೆಯ ಮೇಲೆ ಸೊನ್ನೆ. ಎರಡು ದಿನ ಬಿಟ್ಟು ಸಲ್ಲಿಸಿದರೆ ಸೆಸ್ ಸೇರಿ 15,600 ರೂಪಾಯಿ ಕಟ್ಟಿ ಎಂಬ ಸೂಚನೆ. ಈ ಎರಡು ದಿನಗಳ ನಡುವೆ ಸಂಸತ್ತಿನಲ್ಲಿ ಕಾಯ್ದೆಯ ಒಂದು ಅಕ್ಷರವೂ ಬದಲಾಗಿರಲಿಲ್ಲ.

2021ರ ಜೂನ್ 7ರಂದು ಇಲಾಖೆಯ ಹೊಸ ಪೋರ್ಟಲ್ ಶುರುವಾಗಿ ಮುಗ್ಗರಿಸಿದಾಗ ಇಡೀ ದೇಶಕ್ಕೆ ಗೊತ್ತಾಯಿತು. ಹಣಕಾಸು ಸಚಿವರು ಅದನ್ನು ರೂಪಿಸಿದ ಇನ್ಫೊಸಿಸ್‌ನ ಮುಖ್ಯಸ್ಥರನ್ನೇ ಕರೆಸಿ ಕೇಳಿದರು. ಸಲ್ಲಿಕೆಯ ಗಡುವು ಡಿಸೆಂಬರ್ 31ಕ್ಕೆ ಹೋಯಿತು. ತೆರೆಯದ ಪುಟವನ್ನು ಯಾರು ಬೇಕಾದರೂ ಬೈಯಬಹುದು. ಚೆನ್ನಾಗಿ ಓಡುತ್ತಲೇ ತಪ್ಪು ಮೊತ್ತ ತೋರಿಸುವ ಪುಟವನ್ನು ಬೈಯುವುದು ಹೇಗೆ? ಅದು ತಪ್ಪೆಂದು ಮೇಷ್ಟ್ರಿಗೆ ಹೇಳುವವರಾದರೂ ಯಾರು?

ರಿಬೇಟಿಗೆ ಬಿದ್ದ ಈ ಬೀಗದ ವಿರುದ್ಧ ಮುಂಬೈಯ ಚೇಂಬರ್ ಆಫ್ ಟ್ಯಾಕ್ಸ್ ಕನ್ಸಲ್ಟೆಂಟ್ಸ್ ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. 2024ರ ಡಿಸೆಂಬರಿನಲ್ಲಿ ಬಂದ ಮಧ್ಯಂತರ ಆದೇಶದಿಂದಾಗಿ ಪರಿಷ್ಕೃತ ರಿಟರ್ನ್ ಸಲ್ಲಿಸುವ ಗಡುವು 2025ರ ಜನವರಿ 15ರವರೆಗೆ ವಿಸ್ತರಣೆಯಾಯಿತು. ಜನವರಿ ಕೊನೆಯಲ್ಲಿ ಅಂತಿಮ ತೀರ್ಪೂ ಬಂತು. ರಿಬೇಟ್ ಸಿಗಬೇಕೋ ಬೇಡವೋ ಎಂಬುದನ್ನು ನ್ಯಾಯಾಲಯ ಅಲ್ಲಿ ತೀರ್ಮಾನಿಸಲಿಲ್ಲ. ಕೇಳುವ ಹಕ್ಕನ್ನು ಬಾಗಿಲಲ್ಲೇ ತಡೆಯಬೇಡಿ, ಯುಟಿಲಿಟಿ ಸರಿಪಡಿಸಿ ಎಂದಿತು.

ಇಲಾಖೆಯ ಪರ ಮಾತಾಡುವವರು ಹೇಳುವುದಿಷ್ಟು: ಕಾನೂನಿನ ಅರ್ಥವೇ ಅದು, ತಂತ್ರಾಂಶ ಅದನ್ನು ಜಾರಿಗೆ ತಂದಿತಷ್ಟೆ. ಅರ್ಥ ಅಷ್ಟು ನಿಚ್ಚಳವಾಗಿದ್ದರೆ ವಿಶೇಷ ದರದ ಆದಾಯಕ್ಕೆ ರಿಬೇಟ್ ಇಲ್ಲವೆಂದು 2025ರ ಬಜೆಟ್‌ನಲ್ಲಿ ಬಿಡಿಸಿ ಬರೆಯುವ ಅಗತ್ಯವೇನಿತ್ತು? ಇರಲಿ, ಇಲಾಖೆ ಹೇಳಿದ್ದೇ ಸರಿ ಎಂದುಕೊಳ್ಳೋಣ. ಆಗಲೂ ಮೇಷ್ಟ್ರು ಕೇಳಬೇಕು, ಅಧಿಕಾರಿ ಕಾರಣ ಬರೆದು ಇಲ್ಲ ಎನ್ನಬೇಕು, ಮೇಷ್ಟ್ರು ಅದರ ಮೇಲೆ ಅಪೀಲು ಹೋಗಬೇಕು. ಅಧಿಕಾರಿಯ ಆದೇಶಕ್ಕೆ ಅಪೀಲು ಉಂಟು. ಬೂದು ಚೌಕಕ್ಕೆ ಎಲ್ಲಿದೆ?

ಇನ್ನೂ ಒಂದು ವಿಚಿತ್ರ ನೋಡಿ. ರಿಟರ್ನಿನ ಕೊನೆಯಲ್ಲಿ ಘೋಷಣೆ ಇರುತ್ತದೆ: ಇದರಲ್ಲಿರುವುದು ನನ್ನ ಅರಿವು, ನಂಬಿಕೆಗೆ ತಕ್ಕಂತೆ ಸರಿ ಮತ್ತು ಸಂಪೂರ್ಣ ಎಂದು. ತನಗೆ ರಿಬೇಟ್ ಬರಬೇಕೆಂದು ನಂಬಿರುವ ಮನುಷ್ಯ, ತಾನು ತುಂಬಲಾಗದ, ತಿದ್ದಲೂ ಆಗದ ಅಂಕಿಯ ಕೆಳಗೆ ಅದೇ ತನ್ನ ನಂಬಿಕೆಯೆಂದು ಒಟಿಪಿ ಒತ್ತಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಈ ಪೂಜಾರಿ ಕೊಡದಿರುವುದಷ್ಟೇ ಅಲ್ಲ, ನಾನು ಕೇಳಲೇ ಇಲ್ಲ ಎಂದು ನಮ್ಮಿಂದಲೇ ಬರೆಸಿಕೊಳ್ಳುತ್ತಾನೆ.

ಬೇಕಾದದ್ದು ತುಂಬಲು ಬಿಟ್ಟರೆ ಸುಳ್ಳು ಕ್ಲೇಮುಗಳು ಹರಿದು ಬರುತ್ತವೆ ಎಂಬ ಆಕ್ಷೇಪವಿದೆ. ಬರುತ್ತವೆ, ಬಂದಿವೆ. ಅಂಥವುಗಳ ಬೆನ್ನು ಹತ್ತಿ ಇಲಾಖೆ 2025ರ ಜುಲೈನಲ್ಲಿ 150 ಕಡೆ ಪರಿಶೀಲನೆ ನಡೆಸಿತು. ಸುಳ್ಳನ್ನು ಹಿಡಿಯುವುದು ಹಾಗೇ: ಸಲ್ಲಿಸಿದ ಮೇಲೆ, ಕಾಗದ ನೋಡಿ.

ಖಾಸಗಿ ಆ್ಯಪ್‌ಗಳಿಂದ ಆಸರೆ ನಿರೀಕ್ಷಿಸುವವರಿಗೆ ನನ್ನದೇ ಅನುಭವ ಹೇಳುತ್ತೇನೆ. ನನ್ನ ಫೋನಿನಲ್ಲಿರುವ ಆ್ಯಪ್, ಹೆಸರು ಬೇಡ, ಆ ಜನವರಿಯ ಹದಿನೈದು ದಿನಗಳಲ್ಲಿ ಪರ್ಸನಲ್ ಲೋನ್ ಬೇಕೇ ಎಂದು ಎರಡು ಸಲ, ಕ್ರೆಡಿಟ್ ಕಾರ್ಡ್ ಬೇಕೇ ಎಂದು ಒಂದು ಸಲ ಕೇಳಿತು. ಹೈಕೋರ್ಟಿನ ಬಗ್ಗೆಯಾಗಲಿ, ಗಡುವಿನ ಬಗ್ಗೆಯಾಗಲಿ ತುಟಿ ಬಿಚ್ಚಲಿಲ್ಲ. ಆಡಿಟರ್ ಆಗಿದ್ದರೆ ಫೋನ್ ಮಾಡಿ ‘ಸಾರ್, ಒಂದ್ಸಲ ಬಂದು ಹೋಗಿ’ ಎನ್ನುತ್ತಿದ್ದರು.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ. ಫಾರ್ಮುಗಳೂ ಹೊಸದಾಗಬೇಕು. ಹಾಗೆ ಮಾಡುವಾಗಲೇ ತೆರಿಗೆ ಮೊತ್ತವನ್ನು ಬದಲಿಸುವ ಯಾವ ಚೌಕಕ್ಕೂ ಬೀಗ ಬೇಡ. ಯಂತ್ರದ ಲೆಕ್ಕದ ಪಕ್ಕದಲ್ಲಿ ‘ನನ್ನ ಲೆಕ್ಕ’ ಎಂಬ ಇನ್ನೊಂದು ಚೌಕ ಇರಲಿ. ಯುಟಿಲಿಟಿ ಬದಲಾದ ದಿನ, ಯಾವ ಕಲಮಿನ ಆಧಾರದ ಮೇಲೆ ಬದಲಾಯಿತೆಂದು ಕನ್ನಡದಲ್ಲೂ ಪ್ರಕಟವಾಗಲಿ.

ಒಮ್ಮೆ ಕೊಟ್ಟ ಈ ರಿಬೇಟನ್ನು ವಾಪಸ್ ಕೇಳಿ ಡಿಮಾಂಡ್ ಹೋಗಿರುವವರಿಗೆ ನೇರ ತೆರಿಗೆ ಮಂಡಳಿ 2025ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು: ಡಿಸೆಂಬರ್ 31ರೊಳಗೆ ಕಟ್ಟಿದರೆ ಬಡ್ಡಿ ಮನ್ನಾ. ಅಸಲು ಕಟ್ಟಲೇಬೇಕು.