ಪಾಯಿಂಟ್ ಸಿಕ್ಕರೆ ಸಾಕೆ, ಪಾಠ ಬೇಡವೆ?

ಎಂಜಿನಿಯರಿಂಗ್ ಓದುವ ನಮಗೆ ಪದವಿ ಸಿಗಬೇಕಾದರೆ 100 ಆಕ್ಟಿವಿಟಿ ಪಾಯಿಂಟ್ ಬೇಕು. ಗಿಡ ನೆಟ್ಟು ಅದನ್ನು ನೋಡಿಕೊಳ್ಳುವವರೂ ಇದ್ದಾರೆ, ಗಿಡದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಬರುವವರೂ ಇದ್ದಾರೆ. ಇಬ್ಬರಿಗೂ ಸಿಗುವ ಪಾಯಿಂಟ್ ಒಂದೇ. ದಂತ ವೈದ್ಯರ ನೋಂದಣಿ ನವೀಕರಣದ ವಿಷಯದಲ್ಲೂ ಇದೇ ಪ್ರಶ್ನೆ ಇದೆ.

1948ರ ದಂತ ವೈದ್ಯರ ಕಾಯ್ದೆಯಲ್ಲಿ ನೋಂದಣಿ ಉಳಿಸಿಕೊಳ್ಳಲು ಬೇಕಾಗಿದ್ದದ್ದು ಮುಖ್ಯವಾಗಿ ನವೀಕರಣ ಶುಲ್ಕ. ಆಮೇಲೆ ನಿರಂತರ ದಂತ ಶಿಕ್ಷಣದ ನಿಯಮಗಳು ಬಂದವು. ಉಪನ್ಯಾಸ, ಕಾರ್ಯಾಗಾರಗಳಿಗೆ ಹಾಜರಾದರೆ ಪಾಯಿಂಟ್ ಸಿಗುತ್ತದೆ.

ಈ ಕಲಿಕೆ ಬೇಕೇ ಬೇಕು. ಒಂದು ಉದಾಹರಣೆ ನೋಡಿ. ಹಿಂದೆ ಹುಳುಕು ಹಲ್ಲಿಗೆ ಪಾದರಸ ಬೆರೆತ ಬೆಳ್ಳಿ ಬಣ್ಣದ ಫಿಲ್ಲಿಂಗ್ ತುಂಬುವುದು ಸಾಮಾನ್ಯವಾಗಿತ್ತು. 2013ರ ಮಿನಮಾಟ ಒಪ್ಪಂದದಲ್ಲಿ ಅದರ ಬಳಕೆ ತಗ್ಗಿಸಲು ದೇಶಗಳು ಒಪ್ಪಿದವು. ಈಗ ಹೆಚ್ಚಾಗಿ ಬಳಸುವ ಕಾಂಪೋಸಿಟ್ ತುಂಬುವ ವಿಧಾನವೇ ಬೇರೆ. ಪದರ ಪದರವಾಗಿ ಹಾಕಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಬೇಕು. ನಡುವೆ ಎಂಜಲು ತಾಗಿದರೆ ಹಿಡಿತ ಕೆಡುತ್ತದೆ. ಹಳೆಯ ಪಾಠವೊಂದನ್ನೇ ನಂಬಿ ಮೂವತ್ತು ವರ್ಷ ಕೆಲಸ ಮಾಡಿದರೆ ತೊಂದರೆ ರೋಗಿಗೆ.

ಆದರೆ ಹಾಜರಾತಿಯೇ ಕಲಿಕೆಯಲ್ಲ. ಬ್ರಿಟನ್ನಿನಲ್ಲಿ ದಂತ ವೈದ್ಯರು 5 ವರ್ಷದಲ್ಲಿ 100 ಗಂಟೆ ಕಲಿತ ದಾಖಲೆ ಇಡಬೇಕು. ತಮ್ಮ ಕೆಲಸಕ್ಕೆ ಏನು ಕಲಿಯಬೇಕೆಂಬ ಯೋಜನೆಯನ್ನೂ ಬರೆದಿಡಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2 ವರ್ಷಕ್ಕೆ 50 ಗಂಟೆ. ಅದರಲ್ಲಿ ಸೋಂಕು ನಿಯಂತ್ರಣ, ಜೀವರಕ್ಷಕ ತುರ್ತು ಚಿಕಿತ್ಸೆ ಕಡ್ಡಾಯ. ಅಂದರೆ ಎಷ್ಟು ಗಂಟೆ ಎಂಬುದರ ಜೊತೆಗೆ ಏನನ್ನು, ಏಕೆ ಎಂದೂ ಕೇಳುತ್ತಾರೆ.

ನಮ್ಮಲ್ಲಿ ಇನ್ನೊಂದು ತೊಡಕು ದೂರದ್ದು. ಬಾಳ್ಳುಪೇಟೆ, ಆಲೂರಿನಂಥ ಕಡೆ ಒಬ್ಬರೇ ಕ್ಲಿನಿಕ್ ನಡೆಸುವ ವೈದ್ಯರು ಕಾರ್ಯಾಗಾರಕ್ಕೆ ಬೆಂಗಳೂರಿಗೋ ಮಂಗಳೂರಿಗೋ ಹೊರಟರೆ ಆ ದಿನ ಬಾಗಿಲು ಹಾಕಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿ ಯಾವಾಗ ಕುಸಿಯುತ್ತದೋ ಹೇಳಲಾಗದು. ನಗರದ ವೈದ್ಯರಿಗೆ ಒಂದು ಸಂಜೆಯ ಕೆಲಸ. ಇಲ್ಲಿಯವರಿಗೆ ಒಂದು ದಿನದ ದುಡಿಮೆ ಹೋಯಿತು. ಹಲ್ಲುನೋವೆಂದು ತೋಟದ ಕೆಲಸ ಬಿಟ್ಟು ಬಂದವರೂ ಸುಮ್ಮನೆ ವಾಪಸ್ ಹೋಗಬೇಕು.

ದಾರಿ ಇಲ್ಲದಿಲ್ಲ. ಎನ್‌ಪಿಟಿಇಎಲ್‌ನಲ್ಲಿ ನಾವು ಪಾಠವನ್ನು ಮನೆಯಲ್ಲೇ ಉಚಿತವಾಗಿ ಕೇಳುತ್ತೇವೆ, ಸರ್ಟಿಫಿಕೇಟ್ ಬೇಕಿದ್ದವರು ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯುತ್ತಾರೆ. ದಂತ ವೈದ್ಯರಿಗೂ ಉಪನ್ಯಾಸ ಆನ್‌ಲೈನ್‌ನಲ್ಲಿರಲಿ. ಕೈಯಿಂದ ಮಾಡಿ ಕಲಿಯುವ ಭಾಗ ಹಾಸನದ ದಂತ ಕಾಲೇಜಿನಂಥ ಹತ್ತಿರದ ಕಡೆ ಭಾನುವಾರ ನಡೆಯಲಿ. ಪಾಯಿಂಟ್ ಕೊಡುವ ಮುನ್ನ ಒಂದು ಚಿಕ್ಕ ಪರೀಕ್ಷೆಯಿರಲಿ.

2023ರಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿ ವೃತ್ತಿಗೆ ಇಳಿಯುವ ಮುನ್ನ ಎಕ್ಸಿಟ್ ಪರೀಕ್ಷೆ ಬರೆಯಬೇಕೆಂದಿದೆ. ಒಳ್ಳೆಯದೇ. ಆದರೆ ಇಪ್ಪತ್ಮೂರು ವರ್ಷದವರನ್ನು ಇಷ್ಟು ಗಟ್ಟಿಯಾಗಿ ಪರೀಕ್ಷಿಸಿ, ಐವತ್ತು ದಾಟಿದವರಿಂದ ಬರೀ ಹಾಜರಾತಿ ಕೇಳುವುದು ನ್ಯಾಯವೆ? ನಾಳೆ ನಮ್ಮ ವೃತ್ತಿಗಳಿಗೂ ಇಂಥ ನಿಯಮ ಬರಬಹುದು. ಆಗ ಸರ್ಟಿಫಿಕೇಟ್ ಕೂಡಿಡುವ ಅಭ್ಯಾಸ ನೆರವಿಗೆ ಬಾರದು. ಕಲಿಯುವ ಅಭ್ಯಾಸವನ್ನು ಈಗಲೇ ಬೆಳೆಸಿಕೊಳ್ಳೋಣ.

– ಬಿ.ಇ. ವಿದ್ಯಾರ್ಥಿ, ಬಾಳ್ಳುಪೇಟೆ