ಪಿಎಚ್‌ಡಿ ಮಾಡಬೇಕೋ ಬೇಡವೋ: ಕಾಗಿನೆಲೆಯಲ್ಲಿ ಕೂತು ಹಾಕಿದ ಲೆಕ್ಕ

‘ಇನ್ನೂ ಎಷ್ಟ್ ವರ್ಸ ಓದ್ತೀಯವ್ವಾ?’

ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಧಾರವಾಡದಿಂದ ಕಾಗಿನೆಲೆಗೆ ವಾಪಸ್ ಬಂದ ಮೇಲೆ ಈ ಪ್ರಶ್ನೆ ದಿನಕ್ಕೆ ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಮದುವೆ ಮನೆಯಲ್ಲಿ. ನಾನು ‘ಡಾಕ್ಟರ್’ ಆಗ್ತೀನಂತ ಕೇಳಿ, ಮೊಣಕಾಲು ನೋವಿಗೆ ಗುಳಿಗೆ ಕೇಳಿದ ಅಜ್ಜಿಯೂ ಇದ್ದಾಳೆ. ಅದಕ್ಕೆಲ್ಲ ನಗಬಹುದು. ರಾತ್ರಿ ಅಪ್ಪ ಸಾಲದ ಲೆಕ್ಕ ಬಿಚ್ಚಿ ಕೂತಾಗ ಮಾತ್ರ ನಗು ಬರುವುದಿಲ್ಲ.

ಮೇಷ್ಟ್ರುಗಳ ಸಲಹೆ ಸರಳ: ‘ವಿಜ್ಞಾನದ ಮೇಲೆ ಪ್ರೀತಿ ಇದ್ರೆ ಮಾಡು, ಇಲ್ಲಾಂದ್ರೆ ಬಿಡು.’ ಪ್ರೀತಿ ಇದೆ ಸರ್. ಆದರೆ ಐದಾರು ವರ್ಷ ಆ ಪ್ರೀತಿಗೆ ಊಟ ಹಾಕುವವರು ಯಾರು?

ಪ್ರೀತಿ ಹುಟ್ಟಿದ್ದು ಎಲ್ಲಿ ಅಂತ ಮೊದಲು ಹೇಳಿಬಿಡುತ್ತೇನೆ. 2018ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಗೋವಿನಜೋಳದ ಸುಳಿ ಬಿಡಿಸಿದರೆ ಒಳಗೆ ಹುಳು. ಅಪ್ಪ ಎಂದೂ ನೋಡದ ಹುಳು. ಅದು ಅಮೆರಿಕ ಖಂಡದ ಫಾಲ್ ಆರ್ಮಿವರ್ಮ್. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ಅದೇ ವರ್ಷದ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮೊದಲಾದ ಕೀಟ ವಿಜ್ಞಾನಿಗಳು ಗೋವಿನಜೋಳದ ಹೊಲದಲ್ಲಿ ಅದನ್ನು ಕಂಡು ವರದಿ ಮಾಡಿದರು. ಮುಂದೆ ಅದು ದೇಶದ ಉದ್ದಗಲಕ್ಕೂ ಹಬ್ಬಿತು. ಹೊಲದ ಹತ್ತಿರ ವಿಜ್ಞಾನಿಗಳಿದ್ದರು, ಅದಕ್ಕೇ ಹುಳು ಬೇಗ ಸಿಕ್ಕಿತು ಎಂದು ನನಗೆ ಅನಿಸುತ್ತದೆ.

ನಮ್ಮ ಸುತ್ತ ಇಂಥ ಪ್ರಶ್ನೆಗಳು ಬೇಕಾದಷ್ಟಿವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಆದರೆ ಬ್ಯಾಡಗಿ ಮಾರುಕಟ್ಟೆಗೆ ಬರುವ ಚೀಲಗಳಲ್ಲಿ ಹೆಚ್ಚಿನವು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯವು. ಹೆಸರು ನಮ್ಮದು, ಹೊಲದಲ್ಲಿ ಗೋವಿನಜೋಳ. ಯಾಕೆ ಹೀಗಾಯಿತು? ತಳಿಯೋ, ರೋಗವೋ, ನೀರೋ, ದರವೋ? 2021ರಲ್ಲಿ ಹೊಸ ಜಾತಿಯ ಥ್ರಿಪ್ಸ್ ನುಸಿ ದಕ್ಷಿಣದ ಮೆಣಸಿನ ಹೊಲಗಳನ್ನು ಹಾಳು ಮಾಡಿತು. 2024ರ ಮಾರ್ಚ್‌ನಲ್ಲಿ ದರ ಬಿದ್ದಾಗ ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ಅತ್ತ ರಾಣೆಬೆನ್ನೂರಿನ ಹೊಲಗಳಲ್ಲಿ ಹೆಣ್ಣುಮಕ್ಕಳು ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುತ್ತಾರೆ. ಆ ಬೀಜದ ಹಿಂದಿನ ವಿಜ್ಞಾನ ಕಂಪನಿಗಳ ಕೈಯಲ್ಲಿದೆ. ಈ ಕಡೆಯವರು ಸಂಶೋಧನೆಗೆ ಹೋಗದಿದ್ದರೆ ಈ ಕಡೆಯ ಪ್ರಶ್ನೆಗಳನ್ನು ಕೇಳುವವರು ಯಾರು?

ಇನ್ನು ಲೆಕ್ಕಕ್ಕೆ ಬರೋಣ.

ಸಿಎಸ್‌ಐಆರ್ ಅಥವಾ ಯುಜಿಸಿ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಅನ್ವಯವಾದ ದರ. ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದು ಕೇಳಿದ ಮೇಲೆ ಬಂದದ್ದು. ಜೆಆರ್‌ಎಫ್ ಸಿಗದೆ ಕೇಂದ್ರೀಯ ವಿವಿಗೆ ಸೇರಿದವರಿಗೆ ನಾನ್-ನೆಟ್ ಫೆಲೋಶಿಪ್ ತಿಂಗಳಿಗೆ 8,000. ಅದು ರಾಜ್ಯದ ವಿವಿಗಳಿಗೆ ಇಲ್ಲ. ನಮ್ಮಂಥವರು ಹೆಚ್ಚಾಗಿ ಸೇರುವುದೇ ರಾಜ್ಯದ ವಿವಿಗಳಿಗೆ.

ಸಿಕ್ಕ ಹಣವೂ ಹೊತ್ತಿಗೆ ಬರಬೇಕಲ್ಲ? ತಿಂಗಳುಗಟ್ಟಲೆ ದುಡ್ಡು ಬಂದಿಲ್ಲವೆಂದು ಇನ್‌ಸ್ಪೈರ್ ಫೆಲೋಗಳು 2025ರಲ್ಲಿ ಬಹಿರಂಗವಾಗಿ ದೂರಿದರು. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲೇ ನಿಲ್ಲಿಸಿತು. ಪರೀಕ್ಷೆಯಾದರೂ ನೆಟ್ಟಗೆ ನಡೆಯುತ್ತದಾ? 2024ರ ಜೂನ್ 18ರಂದು ನಡೆದ ಯುಜಿಸಿ-ನೆಟ್ ಮರುದಿನವೇ ರದ್ದಾಯಿತು. ಎರಡು ದಿನ ಬಿಟ್ಟು ಸಿಎಸ್‌ಐಆರ್-ನೆಟ್ ಮುಂದಕ್ಕೆ ಹೋಯಿತು. ಉಳ್ಳವರಿಗೆ ಅದು ಒಂದು ತಿಂಗಳ ಬೇಸರ. ಮನೆಯವರನ್ನು ‘ಇದೊಂದ್ ಸಲ’ ಅಂತ ಒಪ್ಪಿಸಿ ಕೂತವರಿಗೆ ಅದು ಕೊನೆಯ ಅವಕಾಶವೂ ಆಗಿರಬಹುದು.

ಮುಗಿಸಿದ ಮೇಲೆ? ರಾಜ್ಯದ ಪದವಿ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಒಂದು ವಿಷಯದ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. ನೇಮಕಾತಿ ಮುಗಿಯಲು ವರ್ಷಗಳೇ ಹಿಡಿದವು. ಇನ್ನೊಂದು ಕಡೆ ಅದೇ ಕಾಲೇಜುಗಳನ್ನು ನಡೆಸುತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ನನ್ನ ಸೀನಿಯರ್ ಒಬ್ಬರು ಅವರಲ್ಲಿದ್ದಾರೆ. ಹೆಸರಿನ ಹಿಂದೆ ಡಾಕ್ಟರ್ ಇದೆ, ರಜೆ ಬಂದರೆ ಸಂಬಳವಿಲ್ಲ.

2023ರಲ್ಲಿ ಹಾವೇರಿಗೇ ಒಂದು ವಿಶ್ವವಿದ್ಯಾಲಯ ಬಂದಾಗ ಖುಷಿಪಟ್ಟಿದ್ದೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬಂದು ಸಂಶೋಧನೆ ಮಾಡಬಹುದು ಅಂತ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ಹೊಸ ಹತ್ತು ವಿವಿಗಳಲ್ಲಿ ಬೀದರ್ ಬಿಟ್ಟು ಉಳಿದ ಒಂಬತ್ತನ್ನು ಮುಚ್ಚುವ ಮಾತಾಡಿತು. ಹಣವಿಲ್ಲ, ಜಾಗವಿಲ್ಲ ಎಂಬ ಕಾರಣ. ದುಡ್ಡು ಕೊಡದೆ ಬೋರ್ಡ್ ಹಾಕಿದ್ದು ಒಂದು ಸರ್ಕಾರ, ದುಡ್ಡಿಲ್ಲ ಅಂತ ಬೋರ್ಡ್ ಕೀಳಲು ಹೊರಟದ್ದು ಇನ್ನೊಂದು ಸರ್ಕಾರ. ಪಕ್ಷ ಯಾವುದಾದರೇನು, ನಮ್ಮ ಜಿಲ್ಲೆಯ ಹುಡುಗಿಗೆ ಲ್ಯಾಬ್ ಇನ್ನೂ ದೂರವೇ ಉಳಿಯಿತು.

ದೂರ ಅಂದರೆ ಮದುವೆಯ ಮಾತು. ‘ಮುಗಿಸೂದ್ರಾಗ ಮೂವತ್ತ ಆಗ್ತಾವ’ ಅಂತಾಳೆ ಅವ್ವ. ಲೆಕ್ಕ ತಪ್ಪಿಲ್ಲ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚುವರಿ ಅವಕಾಶ, 240 ದಿನಗಳವರೆಗೆ ಹೆರಿಗೆ ಮತ್ತು ಮಕ್ಕಳ ಆರೈಕೆ ರಜೆ ಇದೆ. ಕಾಗದದ ಮೇಲೆ ಚೆನ್ನಾಗಿದೆ. ಗಂಡನ ಮನೆಯವರು ಯುಜಿಸಿ ನಿಯಮ ಓದುವುದಿಲ್ಲ.

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ಬಂದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಗಟ್ಟಿಯಾಗಿ ಉಳಿದದ್ದು ರಾಗಿ. ನನಗೆ ಆ ಪರೀಕ್ಷೆ ಇಷ್ಟ, ಯಾಕಂದರೆ ಅಲ್ಲಿ ಇಬ್ಬರಿಗೂ ಒಂದೇ ಸೆರೆ. ನಮ್ಮ ಪಿಎಚ್‌ಡಿ ವ್ಯವಸ್ಥೆಯೂ ಯಾರು ತಾಳುತ್ತಾರೆ ಅಂತಲೇ ನೋಡುತ್ತದೆ. ಆದರೆ ಒಬ್ಬರಿಗೆ ಬೆಂಗಳೂರಿನಲ್ಲಿ ಅಪ್ಪನ ಮನೆ ಇರುತ್ತದೆ, ಇನ್ನೊಬ್ಬರಿಗೆ ಬಾಡಿಗೆ ರೂಮು ಮತ್ತು ಬಾರದ ಫೆಲೋಶಿಪ್. ಕೊನೆಗೆ ಉಳಿದವರನ್ನು ‘ಮೆರಿಟ್’ ಅಂತ ಕರೆಯುತ್ತೇವೆ.

ಹಾಗಾದರೆ ನನ್ನ ತೀರ್ಮಾನ? ಈ ಸಲ ಮತ್ತೆ ನೆಟ್ ಬರೆಯುತ್ತೇನೆ. ಜೆಆರ್‌ಎಫ್ ಸಿಕ್ಕರೆ ಹೋಗುತ್ತೇನೆ. ಸಿಗದಿದ್ದರೆ ಸ್ವಂತ ದುಡ್ಡಲ್ಲಿ, ಅಪ್ಪನ ಸಾಲದಲ್ಲಿ ಸೇರುವುದಿಲ್ಲ. ಗೈಡ್ ಒಪ್ಪಿಕೊಳ್ಳುವ ಮೊದಲು ಅವರ ಹಳೆಯ ವಿದ್ಯಾರ್ಥಿಗಳನ್ನು, ಅದರಲ್ಲೂ ಬಿಟ್ಟು ಹೋದವರನ್ನು ಮಾತಾಡಿಸುತ್ತೇನೆ. ಇದೇ ಗೊಂದಲದಲ್ಲಿರುವ ನಿಮಗೂ ಅಷ್ಟನ್ನೇ ಹೇಳಬಲ್ಲೆ. ಬೇಡ ಅಂತ ತೀರ್ಮಾನಿಸಿದರೆ ಅದನ್ನು ನಿಮ್ಮ ಸೋಲು ಅಂದುಕೊಳ್ಳಬೇಡಿ.

ಆದರೆ ನಾನೊಬ್ಬಳು ಹೋಗುವುದರಿಂದ, ಬಿಡುವುದರಿಂದ ಇದು ಬಗೆಹರಿಯುವುದಿಲ್ಲ. ಫೆಲೋಶಿಪ್ ಸಂಬಳದಂತೆ ಪ್ರತಿ ತಿಂಗಳೂ ಬರಬೇಕು. ರಾಜ್ಯದ ವಿವಿಗಳಲ್ಲಿ ಪೂರ್ಣಾವಧಿ ಸಂಶೋಧನೆ ಮಾಡುವ ಯಾರೂ ಬರಿಗೈಯಲ್ಲಿರಬಾರದು. ಖಾಲಿ ಹುದ್ದೆ ತುಂಬಬೇಕು. ಹಾವೇರಿಯಂಥ ಕಡೆ ಒಂದು ಗಟ್ಟಿ ಲ್ಯಾಬ್ ಬೇಕು. ಜಾತ್ರೆ, ಜಯಂತಿಗೆ ಕಾಗಿನೆಲೆಗೆ ಬರುವ ನಾಯಕರನ್ನು ನಾವು ಇದನ್ನೂ ಕೇಳಬೇಕು.

ಮೊನ್ನೆ ಅಪ್ಪ ಹೊಲದಿಂದ ಒಂದು ಗೋವಿನಜೋಳದ ಎಲೆ ತಂದು ನನ್ನ ಮುಂದೆ ಇಟ್ಟ. ‘ಇದ್ಯಾವ ಹುಳಾ ನೋಡವ್ವಾ, ಹೋದ್ ವರ್ಸ ಇರ್ಲಿಲ್ಲ.’ ನನಗೆ ಗೊತ್ತಾಗಲಿಲ್ಲ. ಡಬ್ಬಿಯಲ್ಲಿ ಹಾಕಿ ಇಟ್ಟುಕೊಂಡಿದ್ದೇನೆ.