ಇನ್ನೂ ಉಂಟಾ ಪಪ್ಪಾ?

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ಜಗಳ ಗ್ಯಾರಂಟಿ. ಗಾಬರಿ ಬೇಡ, ಪಾತ್ರೆ ಎಸೆದಾಡುವಂಥ ಜಗಳವಲ್ಲ :) ವಿಷಯ ಒಂದೇ. ಮಗಳಿಗೆ ಕ್ರಿಸ್ಮಸ್‌ಗೆ ಎಷ್ಟು ಗಿಫ್ಟ್? ಅವಳಿಗೆ ಈಗ ನಾಲ್ಕು ವರ್ಷ, ನನಗೆ ಇಪ್ಪತ್ತೊಂಬತ್ತು. ಊರು ಮಂಗಳೂರು, ಹೊಟ್ಟೆಪಾಡು ಬೆಂಗಳೂರು, ಕೆಲಸ ನಿಮಗೆಲ್ಲ ಗೊತ್ತಿರುವ ಅದೇ ಸಾಫ್ಟ್‌ವೇರು.

ಮೊದಲು ಕಳೆದ ವರ್ಷದ ಕಥೆ ಹೇಳಿಬಿಡುತ್ತೇನೆ. ಪ್ರಾಜೆಕ್ಟಿನ ರಿಲೀಸ್ ಇದ್ದದ್ದರಿಂದ ಊರಿಗೆ ಹೋಗಲು ರಜೆ ಸಿಗಲಿಲ್ಲ. ಅಪ್ಪ ಅಮ್ಮನೇ ಕುಸ್ವಾರಿನ ಡಬ್ಬ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದರು. ಕ್ರಿಸ್ಮಸ್ ದಿನ ಬೆಳಗ್ಗೆ ಹಾಲ್‌ನಲ್ಲಿದ್ದ ಪ್ಯಾಕೆಟ್‌ಗಳನ್ನು ಎಣಿಸಿದೆ. ನಾವಿಬ್ಬರು ಕೊಂಡದ್ದು ಆರು, ದೋಹಾದಲ್ಲಿರುವ ಭಾವ ಕಳಿಸಿದ್ದು ಐದು, ಅಕ್ಕ ಕೊಟ್ಟದ್ದು ಮೂರು, ಹೆಂಡತಿಯ ಆಫೀಸಿನ ಗೆಳತಿಯರದ್ದು ನಾಲ್ಕು, ಅಪಾರ್ಟ್‌ಮೆಂಟಿನ ಸಾಂಟಾ ಕೊಟ್ಟದ್ದು ಒಂದು. ಒಟ್ಟು ಹತ್ತೊಂಬತ್ತು. ಮೂರು ವರ್ಷದ ಒಂದು ಮಗುವಿಗೆ!

ಮೊದಲನೆಯದರಲ್ಲಿ ಡಾಕ್ಟರ್ ಸೆಟ್ ಇತ್ತು. ಸ್ಟೆತೋಸ್ಕೋಪ್ ಕಿವಿಗಿಟ್ಟುಕೊಂಡು ನೇರ ನನ್ನ ಅಪ್ಪನ ಹತ್ತಿರ ಹೋಗಿ, ಎದೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಕೇಳಿದಳು. ಅಪ್ಪನೂ ರೋಗಿಯ ಹಾಗೆ ಮುಖ ಮಾಡಿ ಕೂತಿದ್ದರು. ಅಷ್ಟರಲ್ಲಿ ನಾನು ಮೊಬೈಲ್ ಹಿಡಿದುಕೊಂಡು, "ಸಾಕು ಸಾಕು, ಈಗ ಮಾಮ ಕಳಿಸಿದ್ದು ತೆಗಿ, ವೀಡಿಯೋ ಮಾಡಿ ಕಳಿಸಬೇಕು" ಅಂದೆ. ಅಂದದ್ದು ಮಾತ್ರವಲ್ಲ, ಆ ಸ್ಟೆತೋಸ್ಕೋಪನ್ನು ಅವಳ ಕಿವಿಯಿಂದ ತೆಗೆದು ಪಕ್ಕಕ್ಕಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಹೊಸ ಆಟಿಕೆ ಕೊಡುವ ಆತುರದಲ್ಲಿ ಆಡುತ್ತಿದ್ದ ಮಗುವಿನ ಕೈಯಿಂದ ಆಟಿಕೆ ಕಿತ್ತುಕೊಂಡ ಪುಣ್ಯಾತ್ಮ ನಾನು.

ಒಂಬತ್ತನೆಯದರ ಹೊತ್ತಿಗೆ ಅವಳು ಒಳಗೇನಿದೆ ಅಂತ ನೋಡುವುದನ್ನೇ ಬಿಟ್ಟಿದ್ದಳು. ಬರೀ ಕಾಗದ ಹರಿಯುವುದು, ಬದಿಗೆ ಸರಿಸುವುದು, ಇನ್ನೊಂದಕ್ಕೆ ಕೈ ಚಾಚುವುದು. ಹತ್ತೊಂಬತ್ತೂ ಮುಗಿದ ಮೇಲೆ ತಲೆಯೆತ್ತಿ ಕೇಳಿದಳು: "ಇನ್ನೂ ಉಂಟಾ ಪಪ್ಪಾ?"

ಇಲ್ಲ ಅಂದದ್ದಕ್ಕೆ ಅತ್ತಳು. ನನಗೆ ಸಿಟ್ಟು ಬಂತು. "ಇಷ್ಟು ಕೊಟ್ಟರೂ ಸಾಲದಾ?" ಅಂತ ಗದರಿಸಿಯೂಬಿಟ್ಟೆ. ಅಡುಗೆಮನೆಯಿಂದ ಬಂದ ಅಮ್ಮ ಹೇಳಿದ್ದು ಒಂದೇ ಮಾತು. "ಅವಳದ್ದೆಂತ ತಪ್ಪು? ನೀವೇ ಅಲ್ವಾ ಒಂದರ ಮೇಲೊಂದು ಕೊಟ್ಟದ್ದು?"

ಅಮ್ಮ ಹೇಳಿದ್ದು ಸರಿ. ಮಗುವಿಗೆ ಅದು ದುರಾಸೆ ಆಗಿರಲಿಲ್ಲ. ಪ್ಯಾಕೆಟ್ ಹರಿಯುವುದೇ ಹಬ್ಬ ಅಂತ ನಾವೇ ಕಲಿಸಿದ್ದೆವು, ಹಬ್ಬ ನಿಂತುಹೋದದ್ದಕ್ಕೆ ಅತ್ತಳು ಅಷ್ಟೇ. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳುವುದಾದರೆ, ಬಫರ್ ತುಂಬಿದ ಮೇಲೆ ಬರುವ ಪ್ಯಾಕೆಟ್‌ಗಳೆಲ್ಲ ಡ್ರಾಪ್ ಆಗುತ್ತವೆ. ಕಳಿಸಿದವನು ಕಳಿಸಿದೆ ಅಂದುಕೊಂಡಿರುತ್ತಾನೆ, ತಲುಪಬೇಕಾದಲ್ಲಿಗೆ ಏನೂ ತಲುಪಿರುವುದಿಲ್ಲ.

ಇದು ಬರೀ ನನ್ನ ಊಹೆಯಲ್ಲ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಆಡಲು ಬಿಟ್ಟು ನೋಡಿದರು. ಆಟಿಕೆ ಕಡಿಮೆ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಆಡಿದರು, ಒಂದೇ ಆಟಿಕೆಯನ್ನು ಬೇರೆ ಬೇರೆ ರೀತಿಯಲ್ಲಿ ಬಳಸಿ ನೋಡಿದರು. 36 ಮಕ್ಕಳೆಂದರೆ ಚಿಕ್ಕ ಅಧ್ಯಯನವೇ, ಒಪ್ಪಿದೆ. ಆದರೆ ನಮ್ಮ ಹಾಲ್‌ನಲ್ಲಿ ಒಂದೇ ಮಗುವಿನ ಮೇಲೆ ನಡೆದ ಪ್ರಯೋಗದ ಫಲಿತಾಂಶವೂ ಅದೇ ಆಗಿತ್ತು :)

ಹಾಗಾದರೆ ನಾವು ಇಷ್ಟೆಲ್ಲ ಕೊಡುವುದು ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ನನ್ನದೇ ಒಂದು ಹಳೆಯ ಕಥೆ ಎದುರಾಯಿತು.

ನಾನು ಚಿಕ್ಕವನಿದ್ದಾಗ ಅಪ್ಪ ಬಹ್ರೇನ್‌ನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ರಜೆ. 2003ರ ಡಿಸೆಂಬರ್‌ನಲ್ಲಿ ಬಂದಾಗ ನನಗೆ ಏಳು ವರ್ಷ. ಬಜ್ಪೆ ವಿಮಾನ ನಿಲ್ದಾಣದ ಹೊರಗೆ ಕಾಯುತ್ತಿದ್ದೆವು. ಅಪ್ಪ ಟ್ರಾಲಿ ತಳ್ಳಿಕೊಂಡು ಬಂದರು. ನಾನು ಓಡಿಹೋಗಿ ಹಿಡಿದುಕೊಂಡದ್ದು ಅಪ್ಪನನ್ನಲ್ಲ, ಹಗ್ಗ ಸುತ್ತಿದ್ದ ಆ ದೊಡ್ಡ ಪೆಟ್ಟಿಗೆಯನ್ನು. "ಎಂತ ತಂದಿದ್ದೀರಿ?" ಅಂತ ಕೇಳಿದೆನಂತೆ. ಅವತ್ತು ಎಲ್ಲರೂ ನಕ್ಕರು. ನಾನು ಡಿಗ್ರಿ ಮುಗಿಸಿದ ಮೇಲೆ ಒಂದು ದಿನ ಅಮ್ಮ ಹೇಳಿದಳು, ಆ ರಾತ್ರಿ ಅಪ್ಪ ನಿದ್ದೆ ಮಾಡಲಿಲ್ಲವಂತೆ. "ಅವನಿಗೆ ನನ್ನ ಗುರುತು ಹತ್ತಲಿಲ್ಲ, ಪೆಟ್ಟಿಗೆಯ ಗುರುತು ಹತ್ತಿತು" ಅಂದಿದ್ದರಂತೆ.

ಆ ಪೆಟ್ಟಿಗೆಯಲ್ಲಿ ರಿಮೋಟ್ ಕಾರು ಇತ್ತು. ಅದರ ಬಣ್ಣ ಕೂಡ ಈಗ ನೆನಪಿಲ್ಲ, ಹೊಸ ವರ್ಷದ ಹೊತ್ತಿಗೆ ಕೆಟ್ಟಿತ್ತು ಅನ್ನುವುದಷ್ಟೇ ನೆನಪು. ನೆನಪಿರುವುದು ಬೇರೆ. ಆ ವರ್ಷ ಅಪ್ಪ ಬಿದಿರು ಸೀಳಿ ನಕ್ಷತ್ರ ಮಾಡಿದರು. ಅಮ್ಮ ಮೈದಾ ಕುದಿಸಿ ಅಂಟು ಮಾಡಿಕೊಟ್ಟಳು. ಕೆಂಪು ಕಾಗದ ಹಿಡಿದುಕೊಳ್ಳುವ ಕೆಲಸ ನನ್ನದು. ಅಂಟು ಒಣಗುವ ಮೊದಲೇ ಮುಟ್ಟಿ ಎರಡು ಸಲ ಹರಿದೆ, ಎರಡು ಸಲವೂ ಅಪ್ಪ ಬೈಯಲಿಲ್ಲ. ಸಂಜೆ ಅಂಗಳದ ಹಲಸಿನ ಮರಕ್ಕೆ ಅದನ್ನು ಏರಿಸಿ ಒಳಗೆ ಬಲ್ಬು ಉರಿಸಿದಾಗ ನಾನು ಅಪ್ಪನ ಹೆಗಲ ಮೇಲಿದ್ದೆ. ಅಪ್ಪ ನನಗೆ ಸಿಕ್ಕಿದ್ದು ಆವತ್ತು.

ಹೋದ ತಿಂಗಳು ನಾಲ್ಕು ದಿನ ಆಫೀಸ್ ಕೆಲಸದ ಮೇಲೆ ಪುಣೆಗೆ ಹೋಗಿದ್ದೆ. ವಾಪಸ್ ಬಂದು ಬಾಗಿಲು ತೆರೆದಾಗ ಮಗಳು ಓಡಿಬಂದಳು. ಬಂದವಳು ನನ್ನ ಮುಖ ನೋಡಲಿಲ್ಲ, ಬ್ಯಾಗ್ ನೋಡಿದಳು. "ಎಂತ ತಂದಿದ್ದಿ?" ಎದೆ ಧಸಕ್ಕೆಂದಿತು.

ಸತ್ಯ ಹೇಳಬೇಕೆಂದರೆ ನಾನು ಕೊಂಡ ಆರು ಗಿಫ್ಟ್‌ಗಳು ಅವಳಿಗಾಗಿ ಅಲ್ಲ, ನನಗಾಗಿ. ರಾತ್ರಿ ಒಂಬತ್ತಕ್ಕೆ ಮನೆಗೆ ಬರುವ, ಭಾನುವಾರವೂ ಲ್ಯಾಪ್‌ಟಾಪ್ ಬಿಡದ ಅಪ್ಪನ ತಪ್ಪಿತಸ್ಥ ಭಾವನೆಗೆ ಬಣ್ಣದ ಕಾಗದ ಸುತ್ತಿಟ್ಟದ್ದು. ನನ್ನ ಅಪ್ಪನಿಗಾದರೂ ಬೇರೆ ದಾರಿ ಇರಲಿಲ್ಲ, ನಡುವೆ ಸಮುದ್ರವಿತ್ತು. ನಾನು ಇರುವುದು ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ.

ಇಲ್ಲಿ ಹಬ್ಬದ ಮೂಲದ ಬಗ್ಗೆಯೂ ಸ್ವಲ್ಪ ಹೇಳಬೇಕು. ಬೈಬಲ್‌ನಲ್ಲಿ ಮೂಡಣ ದೇಶದ ಜೋಯಿಸರು ಮಗುವಿಗೆ ಕೊಟ್ಟದ್ದು ಮೂರು ವಸ್ತು. ಚಿನ್ನ, ಧೂಪ, ರಕ್ತಬೋಳ. ಗಿಫ್ಟ್ ಬೇಕು ಅನ್ನುವವರೆಲ್ಲ ಇದನ್ನೇ ಹಿಡಿದುಕೊಳ್ಳುತ್ತಾರೆ. ಆದರೆ ಲೂಕನ ಸುವಾರ್ತೆಯಲ್ಲಿ ಇನ್ನೊಂದು ಸಂಗತಿ ಇದೆ. ಮಗುವನ್ನು ದೇವಾಲಯಕ್ಕೆ ಕರೆದೊಯ್ದಾಗ ತಂದೆತಾಯಿ ಅರ್ಪಿಸಬೇಕಾಗಿದ್ದದ್ದು ಜೋಡಿ ಹಕ್ಕಿಗಳನ್ನು. ಕುರಿಮರಿ ತರಲು ಶಕ್ತಿ ಇಲ್ಲದ ಬಡವರಿಗೆ ಅಂದಿನ ಧರ್ಮಶಾಸ್ತ್ರ ಕೊಟ್ಟಿದ್ದ ರಿಯಾಯಿತಿ ಅದು. ಅಂದರೆ ನಾವು ಯಾರ ಹುಟ್ಟುಹಬ್ಬ ಮಾಡುತ್ತೇವೋ ಅವನ ಮನೆಯಲ್ಲೇ ಕೈ ಬಿಗಿ ಇತ್ತು. ಸಾಂಟಾನ ಮೂಲವೆನ್ನುವ ಸಂತ ನಿಕೊಲಾಸ್ ನಾಲ್ಕನೇ ಶತಮಾನದಲ್ಲಿ ಇಂದಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನ ಬಿಷಪ್. ಅವರ ಬಗ್ಗೆ ಇರುವ ಐತಿಹ್ಯವೆಂದರೆ, ಮದುವೆ ಮಾಡಲು ಗತಿಯಿಲ್ಲದ ಮೂವರು ಹೆಣ್ಣುಮಕ್ಕಳ ಮನೆಯೊಳಗೆ ರಾತ್ರಿ ಯಾರಿಗೂ ಗೊತ್ತಾಗದಂತೆ ಚಿನ್ನದ ಗಂಟು ಹಾಕಿ ಬಂದದ್ದು. ಇಲ್ಲದವರಿಗೆ, ಅದೂ ಗುಟ್ಟಾಗಿ.

ನಮ್ಮ ಅಪಾರ್ಟ್‌ಮೆಂಟಿನ ಸಾಂಟಾ ಹೇಗೆ ಗೊತ್ತಾ? ಗಿಫ್ಟನ್ನು ಅಪ್ಪ ಅಮ್ಮನೇ ಕೊಂಡು, ಪ್ಯಾಕ್ ಮಾಡಿ, ಮೇಲೆ ಮಗುವಿನ ಹೆಸರು ಮತ್ತು ಫ್ಲ್ಯಾಟ್ ನಂಬರ್ ಬರೆದು ಮೊದಲೇ ಕೊಡಬೇಕು. ಸಾಂಟಾ ಹೆಸರು ಕರೆದು ಹಂಚುತ್ತಾನೆ. ಒಬ್ಬನಿಗೆ ಸೈಕಲ್, ಅವನ ಪಕ್ಕದವನಿಗೆ ಕ್ರೆಯಾನ್ ಡಬ್ಬ. "ಸಾಂಟಾಗೆ ಅವನೆಂದರೆ ಜಾಸ್ತಿ ಇಷ್ಟವಾ?" ಅಂತ ಕೇಳುವ ಮಗುವಿಗೆ ಏನು ಹೇಳುತ್ತೀರಿ? ಕಳೆದ ವರ್ಷ ಸೆಕ್ಯುರಿಟಿಯವರ ಮಗ, ಆರು ವರ್ಷವಿರಬಹುದು, ಕೊನೆಯ ಹೆಸರಿನ ತನಕ ಸಾಲಿನಲ್ಲಿ ನಿಂತಿದ್ದ. ಚೀಲ ಖಾಲಿಯಾಯಿತು. ಅವನಿಗೆ ಫ್ಲ್ಯಾಟ್ ನಂಬರ್ ಇರಲಿಲ್ಲ. ಅವನಪ್ಪ ಬಂದು ಕೈಹಿಡಿದು ಕರೆದುಕೊಂಡು ಹೋದರು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಹದಿನೆಂಟು ಪ್ಯಾಕೆಟ್‌ಗಳು ಕಾದು ಕೂತಿದ್ದವು.

ಅತಿ ಗಿಫ್ಟಿನ ಈ ತಲೆನೋವು ಹೊಸದೂ ಅಲ್ಲ. 1912ರಲ್ಲೇ ನ್ಯೂಯಾರ್ಕ್‌ನಲ್ಲಿ ಕೆಲವು ಮಹಿಳೆಯರು ಸೇರಿ ಉಪಯೋಗವಿಲ್ಲದ ಉಡುಗೊರೆಗಳನ್ನು ತಡೆಯುವ ಒಂದು ಸಂಘ ಕಟ್ಟಿದ್ದರು. ಅಂಗಡಿಗಳಲ್ಲಿ ದುಡಿಯುವ ಹುಡುಗಿಯರು ತಮ್ಮ ಚಿಕ್ಕ ಸಂಬಳದಲ್ಲೇ ದುಡ್ಡು ಹಾಕಿ ಮೇಲಿನವರಿಗೆ ಕ್ರಿಸ್ಮಸ್ ಉಡುಗೊರೆ ಕೊಡಬೇಕಾದ ಪರಿಸ್ಥಿತಿ ಇತ್ತು. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೂಡ ಆ ಸಂಘ ಸೇರಿದ್ದರು. ಕೊಡುವವನಿಗೆ ಬೇಡವಾದದ್ದು, ಪಡೆಯುವವನಿಗೆ ಬೇಕಿಲ್ಲದ್ದು, ಆದರೂ ಕೊಡಲೇಬೇಕಾದದ್ದು. ನೂರು ವರ್ಷ ಕಳೆದರೂ ಕಥೆ ಅದೇ ಅಲ್ಲವೇ?

"ಮಕ್ಕಳಲ್ವಾ, ಇರಲಿ ಬಿಡಿ" ಅನ್ನುವವರಿದ್ದಾರೆ. "ನಮಗಂತೂ ಸಿಗಲಿಲ್ಲ, ಅವರಿಗಾದರೂ ಸಿಗಲಿ" ಅಂತ ನನ್ನ ಹೆಂಡತಿಯೇ ಹೇಳುತ್ತಾಳೆ. ಅವಳ ಮಾತಿನಲ್ಲಿ ನೋವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಅವಳ ಬಾಲ್ಯದಲ್ಲಿ ವರ್ಷಕ್ಕೊಂದೇ ಹೊಸ ಫ್ರಾಕ್, ಅದೂ ಕ್ರಿಸ್ಮಸ್‌ಗೆ. ಆದರೆ ಆ ಫ್ರಾಕಿನ ಬಣ್ಣ, ಗುಂಡಿ, ಹೊಲಿದ ಟೈಲರ್ ಅಂಗಡಿ ಎಲ್ಲವನ್ನೂ ಅವಳು ಇವತ್ತಿಗೂ ಹೇಳಬಲ್ಲಳು. ನಮ್ಮ ಮಗಳಿಗೆ ಕಳೆದ ವರ್ಷದ ಹತ್ತೊಂಬತ್ತರಲ್ಲಿ ಎಷ್ಟು ನೆನಪಿದೆ ಅಂತ ಕೇಳಿನೋಡಿದೆವು. ಹೇಳಿದ್ದು ಒಂದೇ, ಸ್ಟೆತೋಸ್ಕೋಪ್. ಅಲ್ಲಿಗೆ ಹೆಂಡತಿ ಅರ್ಧ ಒಪ್ಪಿದಳು. ಅರ್ಧ ಮಾತ್ರ :)

ಭಾವನನ್ನು ಒಪ್ಪಿಸುವುದು ಕಷ್ಟವಾಯಿತು. "ಏನೂ ಕಳಿಸಬೇಡಿ" ಅಂತ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು, ಎರಡು ದಿನ ಮಾತಾಡಲಿಲ್ಲ. ಆಮೇಲೆ ಹೊಳೆಯಿತು. ದೂರ ಇರುವವರಿಗೆ ಆ ಪೆಟ್ಟಿಗೆಯೇ ಕೈ. ಅದನ್ನು ಬೇಡ ಅನ್ನುವುದೆಂದರೆ ಚಾಚಿದ ಕೈಯನ್ನು ದೂಡಿದ ಹಾಗೆ. ನನ್ನ ಅಪ್ಪನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಭಾವ, ಒಂದೇ ಕಳಿಸುತ್ತೇನೆ" ಅಂದರು. ಅದನ್ನು ಅವರು ವೀಡಿಯೋ ಕಾಲ್‌ನಲ್ಲಿ ಇರುವಾಗಲೇ ತೆರೆಯುವುದು, ಆಮೇಲೆ ಅರ್ಧ ಗಂಟೆ ಮಾಮ ಸೊಸೆ ಸೇರಿ ಅದರಲ್ಲೇ ಆಡುವುದು ಅಂತ ಒಪ್ಪಂದವಾಗಿದೆ.

ಈ ವರ್ಷದ ಉಳಿದ ನಿಯಮಗಳು ಇಷ್ಟು. ನಮ್ಮಿಬ್ಬರಿಂದ ಸೇರಿ ಒಂದು ಗಿಫ್ಟ್, ಒಂದು ಕನ್ನಡ ಪುಸ್ತಕ. ಗೆಳತಿಯರಿಗೆ "ಬನ್ನಿ, ಊಟ ಮಾಡಿ, ಕೈಬೀಸಿಕೊಂಡೇ ಬನ್ನಿ" ಅಂತ ಹೇಳಿದ್ದೇವೆ. ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ, ಎಲ್ಲ ಮಕ್ಕಳಿಗೂ ಇನ್ನೂರು ರೂಪಾಯಿಯೊಳಗಿನ ಒಂದೇ ತರಹದ ಗಿಫ್ಟ್, ಪಟ್ಟಿಯಲ್ಲಿ ಸೆಕ್ಯುರಿಟಿಯವರ ಮತ್ತು ಮನೆಕೆಲಸಕ್ಕೆ ಬರುವವರ ಮಕ್ಕಳ ಹೆಸರೂ ಇರಲಿ ಅಂದೆ. ಎರಡನೆಯದಕ್ಕೆ ಎಲ್ಲರೂ ತಲೆಯಾಡಿಸಿದರು, ಮೊದಲನೆಯದಕ್ಕೆ ದೊಡ್ಡ ಗಲಾಟೆ. ಕೊನೆಗೆ ಒಪ್ಪಿಗೆಯಾದದ್ದು ಐನೂರು ರೂಪಾಯಿಗೆ. ಇರಲಿ, ಸೈಕಲ್ ಅಂತೂ ತಪ್ಪಿತು.

ಮಗಳ ಹಬ್ಬ ಮಾತ್ರ ಈಗಾಗಲೇ ಶುರುವಾಗಿದೆ. ಗೋದಲಿಗೆ ಹುಲ್ಲು ಬೇಕಲ್ಲ, ಊರಿನಿಂದ ತರಿಸಿದ ಭತ್ತವನ್ನು ನಾಲ್ಕು ತೆಂಗಿನ ಗೆರಟೆಗಳಲ್ಲಿ ಬಿತ್ತಿ ಬಾಲ್ಕನಿಯಲ್ಲಿ ಇಟ್ಟಿದ್ದೇವೆ. ನೀರು ಹಾಕುವುದು ಅವಳ ಕೆಲಸ. ಹಾಕಿದ ಮರುದಿನವೇ "ಯಾಕೆ ಬರಲಿಲ್ಲ?" ಅಂತ ಗಲಾಟೆ ಮಾಡಿದಳು. ಬೇಕಾದದ್ದೆಲ್ಲ ಕೆಲವೇ ನಿಮಿಷದಲ್ಲಿ ಆ್ಯಪ್‌ನಿಂದ ಮನೆಗೆ ಬರುವ ಕಾಲದಲ್ಲಿ ಹುಟ್ಟಿದ ಮಗು, ಕಾಯುವುದು ಅವಳಿಗೆ ಹೊಸ ಪಾಠ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಇಗರ್ಜಿಯಲ್ಲಿ ಆಗಮನ ಕಾಲ ಅನ್ನುತ್ತಾರೆ. ಕಾಯುವುದಕ್ಕೆಂದೇ ಇಟ್ಟಿರುವ ಕಾಲ. ಗೋದಲಿಯಲ್ಲೂ ಬಾಲ ಯೇಸುವಿನ ಜಾಗ ಇಪ್ಪತ್ನಾಲ್ಕರ ರಾತ್ರಿಯವರೆಗೆ ಖಾಲಿ.

ಇವತ್ತು ಬೆಳಗ್ಗೆ ಸ್ಟ್ಯಾಂಡಪ್ ಕಾಲ್ ನಡೆಯುತ್ತಿರುವಾಗಲೇ ಓಡಿಬಂದು ಕೈಹಿಡಿದು ಎಳೆದಳು. ಒಂದು ಗೆರಟೆಯಲ್ಲಿ ಮೂರು ಮೊಳಕೆ ಎದ್ದಿದ್ದವು, ಉಗುರಿನಷ್ಟು ಉದ್ದ. ಇಬ್ಬರೂ ಕುಕ್ಕುರುಗಾಲಿನಲ್ಲಿ ಕೂತು ನೋಡಿದೆವು. ಉಳಿದ ಮೂರು ಗೆರಟೆಗಳನ್ನೂ ಬಗ್ಗಿ ಬಗ್ಗಿ ನೋಡಿ ಕೇಳಿದಳು, "ಇನ್ನೂ ಉಂಟಾ ಪಪ್ಪಾ?"

ಉಂಟು, ನಾಳೆ ಬರುತ್ತದೆ ಅಂದೆ. ಈ ಸಲ ಅಳಲಿಲ್ಲ.

ನಿಮ್ಮ ಮನೆಯಲ್ಲಿ ಹೇಗೆ? ಕ್ರಿಸ್ಮಸ್ಸೇ ಆಗಬೇಕೆಂದಿಲ್ಲ, ಮಕ್ಕಳ ಹುಟ್ಟುಹಬ್ಬದ ರಿಟರ್ನ್ ಗಿಫ್ಟ್‌ಗಳದ್ದೂ ಇದೇ ಕಥೆ ಅಂತ ಕೇಳಿದ್ದೇನೆ. ನೀವು ಏನು ಮಾಡುತ್ತೀರಿ, ಅಜ್ಜ ಅಜ್ಜಿ ಮಾಮಂದಿರನ್ನು ಹೇಗೆ ಒಪ್ಪಿಸುತ್ತೀರಿ, ಬರೆದು ತಿಳಿಸಿ. ಹೆಂಡತಿಯ ಉಳಿದರ್ಧವನ್ನು ಒಪ್ಪಿಸಲು ನನಗೂ ಸ್ವಲ್ಪ ಸಹಾಯವಾಗುತ್ತದೆ :)